ಕೆಂಗುಡ್ಡದ ಏರಿನಲ್ಲಿ ತಡವರಿಸಿದ ಕಾರು

ಬಹಳ ಹಿಂದೆ, ಕೆಂಪು ಧೂಳಿನ ಸೀಮೆಯಲ್ಲಿ ಒಂದೂರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ. ಕಾರುಗಳಿಗೆ ಆಗತಾನೇ ಮಿದುಳು ಬಂದಿತ್ತು, ಕಾರು ಇಟ್ಟುಕೊಂಡವರಿಗೆ ಇನ್ನೂ ಬಂದಿರಲಿಲ್ಲ. ಆ ಕಾಲ ಅಂತ ತಿಳಿದುಕೊಳ್ಳಿ. ಊರಿನ ಹೆಸರು ಕೆಂಗುಡ್ಡ. ಸುತ್ತ ಅದಿರಿನ ಗಣಿ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತಂತೆ. ಊರಲ್ಲಿ ಆಸ್ಪತ್ರೆ ಇರಲಿಲ್ಲ. ಇದ್ದದ್ದು ಗುಡ್ಡದ ಆಚೆ. ಅಲ್ಲಿಗೆ ಒಂದೇ ದಾರಿ, ಅದೂ ನೆಟ್ಟಗಿನ ಏರು, ಹಿಂದೆ ಮುಂದೆ ಅದಿರು ಲಾರಿ.

ಆ ಏರಿನ ಬುಡದಲ್ಲಿ ಮೌನೇಶ ಅಂತ ಒಬ್ಬ ಮೇಸ್ತ್ರಿಯ ಗ್ಯಾರೇಜು. ಅಪ್ಪ ಕುಲುಮೆ ಇಟ್ಟಿದ್ದ, ಮಗ ಗ್ಯಾರೇಜು ಇಟ್ಟ. ಹೆಸರಷ್ಟೇ ಮೌನೇಶ. ಅವನು ಬೈಯಲು ನಿಂತರೆ ಏರಿನ ಮೇಲಿದ್ದ ಲಾರಿಯವರು ಗಾಬರಿಯಾಗಿ ಬ್ರೇಕು ಹಾಕುತ್ತಿದ್ದರಂತೆ. ಜನ ಅವನ ಬಗ್ಗೆ ಏನೇನೋ ಹೇಳುತ್ತಾರೆ. ಸೈಲೆನ್ಸರಿಗೆ ಕಿವಿಯಿಟ್ಟು ಕಾರಿನ ಜಾತಕ ಹೇಳುತ್ತಿದ್ದ ಅಂತಾರೆ. ಅವನು ಹತ್ತಿರ ಬಂದರೆ ಸಾಕು, ಕೆಟ್ಟ ಎಂಜಿನ್ನು ತಾನೇ ಸ್ಟಾರ್ಟ್ ಆಗುತ್ತಿತ್ತು ಅಂತಾರೆ. ಮಣ್ಣಂಗಟ್ಟಿ! ಅವನ ಹತ್ತಿರ ಇದ್ದದ್ದು ಅಂಗೈ ಅಗಲದ ಒಂದು ಸ್ಕ್ಯಾನರ್. ಅದರ ವೈರನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿದರೆ, ಕಾರಿನೊಳಗಿನ ಸೆನ್ಸರ್‌ಗಳು ಮಿದುಳಿಗೆ, ಅಂದರೆ ಅದರ ಪುಟ್ಟ ಕಂಪ್ಯೂಟರಿಗೆ, ಏನೇನು ಹೇಳುತ್ತಿವೆಯೋ ಅದೆಲ್ಲ ಅಂಕಿಯಾಗಿ ಕಾಣುತ್ತಿತ್ತು. ಮೌನೇಶ ಒಂದು ಸೆನ್ಸರಿನ ಮಾತನ್ನು ಇನ್ನೊಂದರ ಮಾತಿಗೆ ಹಿಡಿದು ನೋಡುತ್ತಿದ್ದ, ಪಂಚಾಯ್ತಿಯಲ್ಲಿ ಎರಡೂ ಕಡೆಯವರನ್ನು ಎದುರಾಬದುರು ಕೂರಿಸಿದ ಹಾಗೆ. ಇದರಲ್ಲಿ ಪವಾಡ ಏನೂ ಇಲ್ಲ. ತಾಳ್ಮೆ ಬೇಕು, ಅಷ್ಟೇ. ಆ ತಾಳ್ಮೆಯನ್ನು ಅವನು ಯಂತ್ರಗಳಿಗೆ ಮಾತ್ರ ಇಟ್ಟುಕೊಂಡಿದ್ದ.

ಅದೇ ಊರಲ್ಲಿ ಹುಲುಗಪ್ಪ ಅಂತ ಒಬ್ಬ ಮುದುಕ. ಜೀವಮಾನವೆಲ್ಲ ಅದಿರು ಲಾರಿ ಹೊಡೆದವನು. ಅವನ ಕೈಲಿ ಒಂದು ಲಾರಿಯೂ ದಾರಿಯಲ್ಲಿ ನಿಂತದ್ದಿಲ್ಲ ಅಂತಾರೆ. ಅಂತಾರೆ ಏನು ಬಂತು, ಅವನೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ಮಗ ಬಂದರಿನ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಸೊಸೆ ಹಂಪಮ್ಮ, ತುಂಬು ಬಸುರಿ. ಆಕೆಯ ಮೊದಲ ಕೂಸು ಇದೇ ಏರಿನ ಅರ್ಧದಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಕಣ್ಣು ಬಿಡದೆ ಹೋಗಿತ್ತು. ಅದಕ್ಕೇ ಮಗ ಒಂದು ಪೆಟ್ರೋಲ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ, ನೋವು ಶುರುವಾದ ಕೂಡಲೇ ಇವಳನ್ನು ಗುಡ್ಡ ದಾಟಿಸು ಅಪ್ಪಾ ಎಂದು ಕೈಮುಗಿದು ಹೋಗಿದ್ದ.

ಆ ಕಾರು ತಡವರಿಸತೊಡಗಿತು. ಆಕ್ಸಿಲರೇಟರ್ ತುಳಿದರೆ, ಕೇಳಿಸಿತೋ ಇಲ್ಲವೋ ಎಂಬ ಹಾಗೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಗರಿ ಮುಂದೆ ಹೋಗುತ್ತಿತ್ತು. ಸಪಾಟು ದಾರಿಯಲ್ಲಿ ಹೇಗೋ ಸಂಭಾಳಿಸಬಹುದು. ಏರಿನ ಮೇಲೆ, ಹಿಂದೆ ತುಂಬಿದ ಲಾರಿ ಬರುತ್ತಿರುವಾಗ?

ಹುಲುಗಪ್ಪ ಕಾರನ್ನು ಮೌನೇಶನ ಹತ್ತಿರ ತಂದ. ಮೌನೇಶ ಸ್ಕ್ಯಾನರ್ ಚುಚ್ಚಿ ನೋಡಿದ. ಎಂಜಿನ್ನಿಗೆ ಗಾಳಿ ಹೋಗುವ ಬಾಯಲ್ಲಿ ಒಂದು ಸೆನ್ಸರ್ ಇರುತ್ತದೆ. ಅದರಲ್ಲಿ ಕೂದಲೆಳೆಯಂಥ ಕಾದ ತಂತಿ. ಗಾಳಿ ಹಾಯ್ದಷ್ಟೂ ತಂತಿ ತಣಿಯುತ್ತದೆ. ಎಷ್ಟು ತಣಿಯಿತು ಅನ್ನುವುದರ ಮೇಲೆ ಇಷ್ಟು ಗಾಳಿ ಬಂತು ಎಂದು ಮಿದುಳಿಗೆ ಸುದ್ದಿ. ಮಿದುಳು ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಹೊಗೆ ಹೋಗುವ ಕೊಳವೆಯಲ್ಲಿ ಇನ್ನೊಂದು ಸೆನ್ಸರ್, ಉಳಿದ ಗಾಳಿಯನ್ನು ನೋಡಿ ಚಾಡಿ ಹೇಳಲಿಕ್ಕೆ. ಈ ಕಾರಿನಲ್ಲಿ ಬಾಯಲ್ಲಿದ್ದದ್ದು ಗಾಳಿ ಕಡಿಮೆ ಬರುತ್ತಿದೆ ಅನ್ನುತ್ತಿತ್ತು. ಬಾಲದಲ್ಲಿದ್ದದ್ದು ಗಾಳಿ ಬೇಕಾದಷ್ಟಿದೆ, ಪೆಟ್ರೋಲೇ ಸಾಲದು ಅನ್ನುತ್ತಿತ್ತು. ಮೌನೇಶ ಬಾಯಲ್ಲಿದ್ದದ್ದನ್ನು ಬಿಚ್ಚಿ ನೋಡಿದ. ತಂತಿಯ ಮೇಲೆ ಎಣ್ಣೆಯ ಪಸೆ. ಎಣ್ಣೆ ಹೊದ್ದುಕೊಂಡ ತಂತಿಗೆ ಗಾಳಿ ತಾಗುವುದೆಲ್ಲಿಂದ? ಔಷಧಿ ಹೊಡೆದು ಶುದ್ಧ ಮಾಡಿದ. ಕಾರು ಹಕ್ಕಿಯ ಹಾಗೆ ಹಾರಿತು.

ಈ ಎಣ್ಣೆ ಎಲ್ಲಿಂದ ಬಂತು, ಏನಾದರೂ ಮಾಡಿದ್ದೀಯಾ ಎಂದು ಮೌನೇಶ ಕೇಳಿದ. ಹುಲುಗಪ್ಪ ಮೀಸೆ ತೀಡಿದ. ‘ನಾ ಏನೂ ಮಾಡಿಲ್ಲ ಆಚಾರಿ. ಹೆಂಗ ಇತ್ತೋ ಹಂಗ ಐತಿ.’

ಮುಂದಿನ ಸಂತೆಯ ಹೊತ್ತಿಗೆ ಕಾರು ಮತ್ತೆ ತಡವರಿಸುತ್ತಿತ್ತು. ಮತ್ತೆ ತಂತಿಯ ಮೇಲೆ ಎಣ್ಣೆ. ಮತ್ತೆ ಮೌನೇಶ ಕೇಳಿದ, ಮತ್ತೆ ಮುದುಕ ಏನೂ ಮಾಡಿಲ್ಲ ಅಂದ. ಮೌನೇಶ ಗಾಳಿಯ ಫಿಲ್ಟರ್ ತೆಗೆದು ನೋಡಿದ. ಹೊಸದು, ಒಣಗಿ ಗರಿಗರಿ. ಎಣ್ಣೆ ಎಂಜಿನ್ನಿನ ಒಳಗಿಂದಲೇ ಹಿಂದಕ್ಕೆ ಬರುತ್ತಿದೆಯೇನೋ ಎಂದು ಕೊಳವೆ ಕೊಳವೆ ಬಿಚ್ಚಿ ನೋಡಿದ. ಅಲ್ಲೂ ಏನಿಲ್ಲ. ಮತ್ತೆ ಬಂತು, ಮತ್ತೆ ಒರೆಸಿದ, ಮತ್ತೆ ಬಂತು. ಅಷ್ಟರಲ್ಲಿ ಊರ ಬಾಯಿ ಶುರುವಾಯಿತು. ಮೌನೇಶನ ಸ್ಕ್ಯಾನರಿಗೆ ಮರುಳು ಹಿಡಿದಿದೆ ಅಂದರು. ಬೇಕೆಂದೇ ಕೆಡಿಸಿ ಕಳಿಸುತ್ತಾನೆ ಅಂದರು. ಹುಲುಗಪ್ಪನೂ ಚಹಾದಂಗಡಿಯಲ್ಲಿ ಹೌದು ಹೌದು ಅಂತ ತಲೆ ಆಡಿಸಿದನಂತೆ! ಕೇಳಿದರೆ ನನಗೇ ಮೈ ಉರಿಯುತ್ತದೆ, ಮೌನೇಶನಿಗೆ ಹೇಗಾಗಿರಬೇಡ. ಅವನಿಗೆ ಅನ್ನ ಸೇರಲಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ, ಅಂಕಿಯಲ್ಲ, ಅದು ಅವನಿಗೆ ಗೊತ್ತಿತ್ತು. ಆದರೆ ಮನುಷ್ಯನಿಗೆ ವೈರು ಚುಚ್ಚುವುದು ಎಲ್ಲಿಗೆ?

ನಡೆದದ್ದು ಏನೆಂದು ನಾನು ಹೇಳುತ್ತೇನೆ. ಹಳೆಯ ಲಾರಿಗಳ ಗಾಳಿಯ ಫಿಲ್ಟರಿನ ಕೆಳಗೆ ಒಂದು ಬಟ್ಟಲು ಇರುತ್ತಿತ್ತು. ಅದಕ್ಕೆ ಎಣ್ಣೆ ಹೊಯ್ಯಬೇಕು, ಧೂಳೆಲ್ಲ ಅದರಲ್ಲಿ ಕೂರುತ್ತದೆ. ಹೊಯ್ಯದ ಡ್ರೈವರನ್ನು ಯಾರೂ ಡ್ರೈವರ್ ಅನ್ನುತ್ತಿರಲಿಲ್ಲ. ಹುಲುಗಪ್ಪ ಅದನ್ನೇ ನಂಬಿ, ಸೊಸೆ ಹೋಗುವ ಗಾಡಿ, ಒಂದು ಕಣ ಧೂಳೂ ಒಳಗೆ ಹೋಗಬಾರದು ಎಂದು, ಈ ಕಾರಿನ ಕಾಗದದ ಫಿಲ್ಟರಿಗೆ ಶನಿವಾರ ಶನಿವಾರ ಎಂಜಿನ್ ಆಯಿಲ್ ಕುಡಿಸುತ್ತಿದ್ದ. ಗಾಳಿಯ ಜೊತೆ ಆ ಎಣ್ಣೆ ಹೋಗಿ ತಂತಿಗೆ ಕೂರುತ್ತಿತ್ತು. ಸರಿ, ತಪ್ಪು ಯಾರು ಮಾಡುವುದಿಲ್ಲ? ಆದರೆ ಗ್ಯಾರೇಜಿಗೆ ಹೊರಡುವ ಮುಂಚೆ ಅವನು ಕಾರನ್ನು ತೊಳೆದು, ಎಣ್ಣೆ ಕುಡಿದ ಫಿಲ್ಟರ್ ತೆಗೆದು, ಒಣಗಿದ ಹೊಸದನ್ನು ಹಾಕಿಕೊಂಡು ಬರುತ್ತಿದ್ದ. ಡಾಕ್ಟರ ಹತ್ತಿರ ಹೋಗುವ ರೋಗಿಗೆ ಮೈತೊಳೆದು ಮಡಿ ಬಟ್ಟೆ ಉಡಿಸುವ ಜನ ನಾವು! ಮನೆಗೆ ಬಂದ ಮೇಲೆ ಮತ್ತೆ ಎಣ್ಣೆ ಕುಡಿದದ್ದೇ.

ಹೀಗಿರುವಾಗ ಒಂದು ಮಧ್ಯಾಹ್ನ ಹಂಪಮ್ಮನಿಗೆ ನೋವು ಬಂತು. ಹುಲುಗಪ್ಪ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಏರಿನ ಬುಡಕ್ಕೆ ಬಂದಾಗ ಒಬ್ಬನೇ ಹತ್ತಿಸಲು ಧೈರ್ಯ ಸಾಲಲಿಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿದ. ಮೌನೇಶ ಒಂದು ಮಾತೂ ಆಡದೆ ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕೂತ. ಅವತ್ತೊಂದೇ ದಿನ ಅವನು ಹೆಸರಿಗೆ ತಕ್ಕ ಹಾಗಿದ್ದ ಅಂತಾರೆ.

ಅರ್ಧ ಏರಿನಲ್ಲಿ ಕಾರು ತಡವರಿಸಿತು. ತಡವರಿಸಿತು, ಎಗರಿತು, ಮತ್ತೆ ತಡವರಿಸಿ ನಿಂತೇಬಿಟ್ಟಿತು. ಹಿಂದೆ ಲಾರಿಯ ಹಾರನ್ನು. ಹಿಂದಿನ ಸೀಟಿನಲ್ಲಿ ಹಂಪಮ್ಮನ ಚೀರಾಟ. ಮೊದಲ ಕೂಸು ಹೋದ ತಿರುವು ಅದೇ ಅಂತಾರೆ. ನಾನು ನೋಡಿಲ್ಲ. ಮೌನೇಶನ ತೊಡೆಯ ಮೇಲೆ ಅದೇ ಅಂಕಿಗಳು, ಬಾಯಿ ಒಂದು ಹೇಳುತ್ತದೆ, ಬಾಲ ಒಂದು ಹೇಳುತ್ತದೆ. ಅವನು ಇಳಿದು ಫಿಲ್ಟರಿನ ಡಬ್ಬಿ ತೆಗೆದ. ಗಡಿಬಿಡಿಯಲ್ಲಿ ಮುದುಕನಿಗೆ ಫಿಲ್ಟರ್ ಬದಲಿಸಲು ಆಗಿರಲಿಲ್ಲ. ಎಣ್ಣೆ ತೊಟ್ಟಿಕ್ಕುತ್ತಿತ್ತು.

‘ಇದೇನಿದು?’ ಎಂದು ಮೌನೇಶ ಕೇಳಿದ.

‘ಯಾರ್ ಹಾಕಿದ್ರೋ, ನನಗೇನ್ ಗೊತ್ತು’ ಅಂದ ಹುಲುಗಪ್ಪ.

ಆಗಲೂ! ಫಿಲ್ಟರ್ ಕೈಯಲ್ಲಿದೆ, ಎಣ್ಣೆ ಸುರಿಯುತ್ತಿದೆ, ಸೊಸೆ ಸಾಯುತ್ತಿದ್ದಾಳೆ, ಆಗಲೂ!

ಹಂಪಮ್ಮ ಸೀಟಿನ ಬೆನ್ನು ಹಿಡಿದು ಎದ್ದಳು. ‘ಮಾವಾ, ಎಣ್ಣಿ ಹಾಕಿದ್ದು ಹೇಳ್ರೀ! ಶನಿವಾರ ಶನಿವಾರ ಹಾಕ್ತೀರಲ್ಲಾ! ಈ ಕೂಸನ್ನರ ಉಳಸ್ರೀ!’

‘ಹೌದು ಆಚಾರಿ’ ಅಂದ ಮುದುಕ. ‘ನಾನ ಹಾಕಿದೆ.’

ಇಲ್ಲಿ ಜನ ಕಥೆ ಕಟ್ಟುತ್ತಾರೆ. ಮೌನೇಶ ಎಂಜಿನ್ನಿನ ಕಿವಿಯಲ್ಲಿ ಮಂತ್ರ ಹೇಳಿದ ಅಂತಾರೆ. ಗುಡ್ಡದ ಗಾಳಿಯನ್ನೇ ನಿಲ್ಲಿಸಿದ ಅಂತಾರೆ. ಅವನು ಮಾಡಿದ್ದು ಇಷ್ಟು. ಫಿಲ್ಟರನ್ನು ಕಿತ್ತು ಕಣಿವೆಗೆ ಎಸೆದ, ತಂತಿಯ ಸೆನ್ಸರಿನ ವೈರನ್ನು ಕಿತ್ತು ಬಿಟ್ಟ. ಸುದ್ದಿ ಬರದಿದ್ದರೆ ಮಿದುಳು ಬೇರೆ ಸೆನ್ಸರುಗಳನ್ನು ನೋಡಿ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಸುಳ್ಳು ಸಾಕ್ಷಿಗಿಂತ ಸಾಕ್ಷಿ ಇಲ್ಲದ್ದೇ ವಾಸಿ. ಸ್ಟೇರಿಂಗಿನ ಮುಂದೆ ಎಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಹತ್ತಿತು, ಹುಲುಗಪ್ಪ ಬೆದರಿದ, ಮೌನೇಶ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಓಡಿಸಿದ. ಕಾರು ಗೊರಗೊರ ಅನ್ನುತ್ತ, ಆದರೆ ಒಮ್ಮೆಯೂ ತಡವರಿಸದೆ ಏರು ಹತ್ತಿತು.

ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಅತ್ತ ಸದ್ದು ಹೊರಗಿನ ತನಕ ಬಂತು. ಮೌನೇಶ ಬೈಗುಳವನ್ನೆಲ್ಲ ನಾಲಗೆಯ ತುದಿಗೆ ತಂದುಕೊಂಡು ಹುಲುಗಪ್ಪನ ಕಡೆ ತಿರುಗಿದ. ಮುದುಕ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದ. ಜನ್ಮವೆಲ್ಲ ಗಾಡಿಯನ್ನು ದಾರಿಯಲ್ಲಿ ಕೆಟ್ಟು ನಿಲ್ಲಲು ಬಿಡದವನು ನನ್ನ ಕೈಯಾರೆ ಕೆಡಿಸಿದೆ ಅಂತ ಹೇಗೆ ಹೇಳಲಿ, ಹೇಳಿದರೆ ನಾನು ಯಾರು ಅಂತ ಅಳುತ್ತಿದ್ದ. ಮೌನೇಶನಿಗೆ ಬೈಗುಳ ಹೊರಡಲಿಲ್ಲ. ಅದು ಅವನಿಗೆ ಇನ್ನೂ ಸಿಟ್ಟು ತರಿಸಿತು. ಕೊನೆಗೆ, ನಾಳೆಯಿಂದ ಗ್ಯಾರೇಜಿಗೆ ಕಾರು ತೊಳೆಯದೆ ತಾ ಮಾರಾಯಾ ಎಂದಷ್ಟೇ ಹೇಳಿ ಅವನ ಪಕ್ಕದಲ್ಲೇ ಕೂತನಂತೆ.

ಮೌನೇಶ ಹೋಗಿ ಬಹಳ ಕಾಲವಾಯಿತು. ಆ ಸೀಮೆಯಲ್ಲಿ ಈಗಲೂ ಯಾರೂ ಗಾಡಿಯನ್ನು ತೊಳೆದು ಗ್ಯಾರೇಜಿಗೆ ತರುವುದಿಲ್ಲ, ಕೆಮ್ಮಣ್ಣು ಮೆತ್ತಿಕೊಂಡೇ ತರುತ್ತಾರೆ. ಗಾಡಿಯ ಯಜಮಾನ ಬಾನೆಟ್ಟಿನ ಮೇಲೆ ಕೈಯಿಟ್ಟು, ತಾನು ಅದಕ್ಕೆ ಏನೇನು ಮಾಡಿದ್ದೇನೆ ಎಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ಅಲ್ಲಿಯ ತನಕ ಮೇಸ್ತ್ರಿ ಸ್ಕ್ಯಾನರ್ ಮುಟ್ಟುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲೂ ಸೊಸೆಯಂದಿರು, ಮಾಡಿದ ಮನೆಮದ್ದನ್ನೆಲ್ಲ ಡಾಕ್ಟರಿಗೆ ಮೌನೇಶನ ಮುಂದೆ ಹೇಳಿದ ಹಾಗೆ ಹೇಳ್ರೀ ಎಂದು ಅತ್ತೆಯಂದಿರನ್ನು ತಿವಿಯುತ್ತಾರೆ. ಎಲ್ಲ ಹೇಳಿ ಮುಗಿಸಿದೆ ಎಂದು ಗಾಡಿಯ ಯಜಮಾನ ಬಾನೆಟ್ಟಿನಿಂದ ಕೈ ತೆಗೆದ ಮೇಲೆ ಮೇಸ್ತ್ರಿ ಒಂದು ಬೀಡಿ ಹಚ್ಚಿ, ಇನ್ನೊಂದು ಉಳಿದಿದೆಯಲ್ಲ, ಅದನ್ನೂ ಹೇಳಿಬಿಡಿ ಅನ್ನುತ್ತಾನೆ. ಒಂದು ಉಳಿದೇ ಇರುತ್ತದೆ.