ಎರಕದ ಹರಳುಗಳು

“ಅಜ್ಜಾರೆ, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಮಠ ಗಟ್ಟಿಯಾಗುವುದಿಲ್ಲವೇ?”

ಗುರುಗಳನ್ನು ಹೀಗೆ ಕೇಳಿದವನು ಹಿರಿಯ ಶಿಷ್ಯ ಶರಭಯ್ಯ. ಕಿರಿಯ ಶಿಷ್ಯ ಕಲ್ಮೇಶ ಮಾತುಮಾತಿಗೂ ‘ಅದು ಹಾಗೇಕೆ?’ ಎನ್ನುತ್ತಿದ್ದುದು ಅವನಿಗೆ ಸಾಕುಸಾಕಾಗಿತ್ತು. ಆ ಕಲ್ಮೇಶನಿಂದ ಗಂಟುಮೂಟೆ ಕಟ್ಟಿಸಿ, ಅವನನ್ನು ಬಾಗಿಲ ಬಳಿ ಕೂರಿಸಿ, ಮಠದಿಂದ ಹೊರಗೆ ಹಾಕಲು ಅಪ್ಪಣೆ ಪಡೆಯುವುದಕ್ಕೆಂದೇ ಒಳಗೆ ಬಂದಿದ್ದ.

ಗುರುಗಳು ಕತೆ ತೆಗೆದರು. ಅಪ್ಪಣೆ ಕೇಳಲು ಹೋದವರಿಗೆ ಕತೆ ಸಿಗುವುದು ಆ ಮಠದಲ್ಲಿ ಹೊಸದೇನಲ್ಲ ಬಿಡಿ.

ಒಬ್ಬ ಎರಕದವನಿದ್ದ. ಅಲ್ಯೂಮಿನಿಯಂ ಮಿಶ್ರಲೋಹ ಕರಗಿಸಿ ಬಾವಿಯ ರಾಟೆ ಎರೆಯುತ್ತಿದ್ದ. ಅವನ ತಂದೆ ಎರೆಯುವ ಮುಂಚೆ ಪ್ರತಿ ಸಲವೂ ಬೇರೊಂದು ಲೋಹದ ಚೂರು ಹಾಕಿ ಕಲಕುತ್ತಿದ್ದ. ಮಗ ಅದನ್ನು ಕಸವೆಂದು ಬಿಟ್ಟುಬಿಟ್ಟ. ರಾಟೆ ಫಳಫಳ ಹೊಳೆಯಿತು.

ಅದನ್ನು ಕೊಂಡ ಬಾವಿ ತೋಡುವವನು ಮರುದಿನವೇ ಎರಡು ಹೋಳು ಹಿಡಿದು ಬಂದ.

“ಏನಪ್ಪಾ, ರಾಟೆ ಎರೆದೆಯೋ, ಹಪ್ಪಳ ಸುಟ್ಟೆಯೋ? ಕೂದಲೆಳೆಯಲ್ಲಿ ನನ್ನ ತಲೆ ಉಳಿಯಿತು!”

“ಚೊಕ್ಕ ಲೋಹ ಕಣಣ್ಣ, ಒಂದು ಚೂರೂ ಕಸ ಸೇರಿಸಿಲ್ಲ!”

“ಅದನ್ನು ಬಿರುಕಿಗೆ ಹೇಳು.”

ಎರಕದವನು ತಂದೆಯ ಕಾಲದ ಸವೆದ ರಾಟೆಯೊಂದನ್ನು ತಂದು ಸುತ್ತಿಗೆಯಿಂದ ಹೊಡೆದ. ಅದು ಬಗ್ಗಿತೇ ಹೊರತು ಒಡೆಯಲಿಲ್ಲ.

“ಕಸ ಹಾಕಿದ್ದು ಉಳಿದು, ಚೊಕ್ಕದ್ದು ಒಡೆಯಿತೇ?” ಶರಭಯ್ಯ ತಡೆಯಲಾರದೆ ನಡುವೆ ಬಾಯಿ ಹಾಕಿದ. “ಅದು ಹಾಗೇಕೆ?”

ಗುರುಗಳು ಮುಗುಳ್ನಕ್ಕರು.

“ಕರಗಿದ ಲೋಹ ಮೊದಲು ಹೆಪ್ಪುಗಟ್ಟುವುದು ಅಚ್ಚಿನ ಗೋಡೆಯಲ್ಲಿ. ಹರಳುಗಳು ಅಲ್ಲಿಂದ ಹೊರಟು, ಭುಜಕ್ಕೆ ಭುಜ ತಾಗಿಸಿ, ಒಂದೇ ಸಾಲಾಗಿ ಒಳಕ್ಕೆ ಬೆಳೆಯುತ್ತವೆ. ನೋಡಲು ಬಲು ಚೆಂದ. ಆದರೆ ಕೊನೆಗೆ ಉಳಿದ ಗಸಿಯನ್ನೆಲ್ಲ ತಳ್ಳಿಕೊಂಡು ಬಂದು ನಟ್ಟನಡುವೆ ಒಂದು ಗೆರೆಯಾಗಿ ಸೇರಿಸುತ್ತವೆ. ಬಿರುಕು ಆ ಗೆರೆ ಹಿಡಿದು ನೆಟ್ಟಗೆ ನಡೆಯುತ್ತದೆ. ಆ ಚೂರು ಹಾಕಿದರೆ ಹಾಗಲ್ಲ. ಅದರ ಒಂದೊಂದು ಕಣವೂ ಒಂದು ಹರಳಿಗೆ ಬೀಜ. ಎಲ್ಲೆಡೆ ಒಟ್ಟಿಗೇ ಹುಟ್ಟಿ, ಒಂದೊಂದು ಒಂದೊಂದು ಕಡೆ ಮುಖ ಮಾಡಿ, ಪಕ್ಕದ್ದು ತಾಗಿದಲ್ಲಿಗೆ ನಿಲ್ಲುತ್ತವೆ. ಒಳಗೆಲ್ಲ ಸಣ್ಣ ರವೆಯ ಹಾಗೆ. ಗಸಿ ಒಂದೆಡೆ ಕೂಡುವುದಿಲ್ಲ. ಬಿರುಕಿಗೂ ಹೆಜ್ಜೆಹೆಜ್ಜೆಗೆ ಯಾರೋ ಅಡ್ಡ ಬರುತ್ತಾರೆ.”

ಶರಭಯ್ಯ ತಲೆದೂಗಿದ. ಕತೆ ಚೆನ್ನಾಗಿತ್ತು. ಅಪ್ಪಣೆಯ ನೆನಪಾಗಿ ಮತ್ತೆ ಕೈಮುಗಿದ.

ಗುರುಗಳೆಂದರು: “ಈಗ ನೀನು ಕೇಳಿದ ಪ್ರಶ್ನೆಯನ್ನೇ ದಿನವೂ ಕೇಳುವವನ ಗಂಟು ಬಾಗಿಲ ಬಳಿ ಇದೆ, ಹೋಗಿ ಬಿಚ್ಚು.”