ಕಣ್ಣಾಸ್ಪತ್ರೆ ಫಾರಂ ತುಂಬಿದ ಪಾಪಣ್ಣ

ಬನ್ನಿ, ಬನ್ನಿ, ಒತ್ತರಿಸ್ಕೊಂಡು ಕೂತ್ಕಳಿ. ಹೂಂಗುಟ್ಟೋರು ಮುಂದೆ, ತೂಕಡಿಸೋರು ಗೋಡೆ ಕಡೆ. ನಡುವೆ ಬಾಯಿ ಹಾಕಿ "ಹಂಗೆಲ್ಲಾ ಆಗಕ್ಕಿಲ್ಲ" ಅನ್ನೋರಿದ್ರೆ ಈಗಲೇ ಎದ್ದು ಹೋಗ್ಬಿಡಿ, ನಂಗೆ ಸಿಟ್ಟು ಬತ್ತದೆ.

ಚನ್ನಪಟ್ಟಣದ ಮಗ್ಗುಲಲ್ಲಿ ಒಂದೂರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಮರದ ಬೊಂಬೆಗೆ ಅರಗಿನ ಬಣ್ಣ ಹಾಕೋ ಕೆಲಸ ಅವಳದು. ಮೆಷಿನ್ನಲ್ಲಿ ಮರ ಗಿರ್ರಂತ ತಿರುಗ್ತಿದ್ರೆ ಅರಗಿನ ಕಡ್ಡಿ ಒತ್ತಿ ಹಿಡಿಯೋಳು, ಬಣ್ಣ ತಾನಾಗೇ ಹತ್ತೋದು. ಅವಳಿಗೆ ಒಬ್ಬನೇ ಮಗ, ಪಾಪಣ್ಣ. ವಯಸ್ಸು ಮೂವತ್ತೆಂಟು. ಬುದ್ಧಿ ಎಷ್ಟು ಅಂತ ಮಾತ್ರ ಕೇಳ್ಬೇಡಿ. "ಹಾಲು ಉಕ್ಕೋದು ನೋಡ್ಕಳ್ಳಾ" ಅಂದ್ರೆ, ಹಾಲು ಉಕ್ಕಿ, ಒಲೆ ಆರಿ, ನೆಲವೆಲ್ಲ ಹರಿಯೋ ತನಕ ನೋಡ್ಕೊಂಡೇ ನಿಂತಿರೋನು. ಆಮೇಲೆ "ಚೆನ್ನಾಗಿ ಉಕ್ತು ಕಣವ್ವ" ಅನ್ನೋನು.

ಇಂಥಾ ಹೊತ್ತಲ್ಲಿ ಚಿಕ್ಕತಾಯಮ್ಮನ ಎರಡೂ ಕಣ್ಣಿಗೆ ಪೊರೆ ಬಂತು. ಹಸಿರು ಕಡ್ಡಿ ಅಂತ ಕೆಂಪು ಕಡ್ಡಿ ಹಿಡಿದ್ಲು. ಗಿಳಿಯ ಮೈ ಕೆಂಪಾಯ್ತು, ಮೂತಿ ಹಸಿರಾಯ್ತು. ಕೆಲಸ ಕೊಡೋರು "ಸಾಕು ಬಿಡವ್ವ, ಮನೇಲಿರು" ಅಂದ್ರು. ಎರಡು ವರ್ಷ ಮನೇಲೇ ಕೂತ್ಲು. ಮಗನ ಮುಖ ಹೊಗೆಯೊಳಗಿದ್ದಂಗೆ ಕಾಣೋದು.

ಒಂದು ಸೋಮವಾರ ಆಶಾ ಕಾರ್ಯಕರ್ತೆ ರತ್ನಮ್ಮ ಓಡಿ ಬಂದ್ಲು. "ಚಿಕ್ಕತಾಯಕ್ಕಾ! ಕಣ್ಣಾಸ್ಪತ್ರೆಯೋರು ಪುಗಸಟ್ಟೆ ಆಪರೇಷನ್ ಮಾಡ್ತಾರಂತೆ. ನಲವತ್ತೇ ಜನಕ್ಕೆ. ಅವರ ವೆಬ್‌ಸೈಟಲ್ಲಿ ಲಾಗಿನ್ ಆಗಿ ತಾರೀಕು ತಗೋಬೇಕು. ಶುಕ್ರವಾರ ಸಂಜೆ ಐದಕ್ಕೆ ಮುಚ್ತಾರೆ. ಈ ಸಲ ತಪ್ಪಿದ್ರೆ ಮುಂದಿನ ವರ್ಷವೇ. ಅಲ್ಲೀವರೆಗೆ ಈಗಿರೋ ಬೆಳಕೂ ಉಳಿಯಾಕಿಲ್ಲ ಅಂತ ಡಾಕ್ಟ್ರು ಹೇಳೌರೆ." ಹಂಗಂದು ಒಂದು ಚೀಟಿ ಕೊಟ್ಲು. ಚೀಟೀಲಿ ಫೋನ್ ನಂಬರು, ಅದರ ಕೆಳಗೆ ಪಾಸ್‌ವರ್ಡು.

ಚಿಕ್ಕತಾಯಮ್ಮ ಚೀಟೀನ ಬಿಗಿಯಾಗಿ ಹಿಡ್ಕೊಂಡ್ಲು. ಕಳಿಸೋಕೆ ಇನ್ಯಾರವ್ರೆ? ಪಾಪಣ್ಣನೇ ಗತಿ.

"ಲೋ ಪಾಪಣ್ಣ, ಪೇಟೆ ಆನ್‌ಲೈನ್ ಸೆಂಟರಿಗೆ ಹೋಗು. ಶಾಹಿದಾ ಅಂತ ಹುಡುಗಿ ಅವಳೆ, ಕಂಪ್ಯೂಟರ್ ಕೊಡ್ತಾಳೆ. ಈ ಪಾಸ್‌ವರ್ಡು ಗುಟ್ಟಿಂದು. ಯಾರಿಗೂ ತೋರಿಸ್ಬ್ಯಾಡ, ಯಾರು ಕೇಳಿದ್ರೂ ಹೇಳ್ಬ್ಯಾಡ. ತಿಳೀತಾ?"

"ತಿಳೀತು ಕಣವ್ವ!"

ಹೋದ. ಕಂಪ್ಯೂಟರ್ ಮುಂದೆ ಕೂತ. ನಂಬರು ಹಾಕಿದ. ಪಾಸ್‌ವರ್ಡ್ ಕೇಳ್ತು. ಪಾಪಣ್ಣ ಬಾಯಿ ಬಿಗಿ ಹಿಡಿದು ಸುಮ್ಮನಾದ. ಬಟನ್ ಒತ್ತಿದ. ಕೆಂಪಕ್ಷರದಲ್ಲಿ ಮತ್ತೆ ಕೇಳ್ತು. ಶಾಹಿದಾ "ಕೊಡಣ್ಣ ಚೀಟಿ, ನಾನೇ ಹಾಕ್ತೀನಿ" ಅಂದ್ಲು. ಚೀಟೀನ ಅಂಗಿಯೊಳಗೆ ತುರುಕಿಕೊಂಡು ಒಂದೇ ಓಟ!

"ಅವ್ವಾ, ಅವ್ವಾ! ಎರಡು ಸಲ ಕೇಳ್ತು. ಆ ಹುಡುಗೀನೂ ಕೇಳಿದ್ಲು. ಹೇಳ್ಲೇ ಇಲ್ಲ ನಾನು!"

"ಅಯ್ಯೋ ನನ್ನ ಕರ್ಮವೇ! ಅದಕ್ಕೆ ಹೇಳ್ದೆ ಇನ್ಯಾರಿಗ್ಲಾ ಹೇಳೋದು? ಖಾಲಿ ಬಿಟ್ರೆ ಫಾರಂ ಹೋದಾತಾ? ಇನ್ನೊಂದು ಸಲ ಹೋದಾಗ ಖಾಲಿ ಕಂಡ ಕಡೆಯೆಲ್ಲ ತುಂಬು. ಒಂದನ್ನೂ ಖಾಲಿ ಬಿಡಬ್ಯಾಡ. ತಿಳೀತಾ?"

"ತಿಳೀತು ಕಣವ್ವ!"

ಮಂಗಳವಾರ ಹೋದ. ನಂಬರಿನ ಜಾಗದಲ್ಲಿ ನಂಬರು, ಪಾಸ್‌ವರ್ಡ್ ಜಾಗದಲ್ಲಿ ಪಾಸ್‌ವರ್ಡು. ಭೇಷ್! ಅಷ್ಟಕ್ಕೇ ನಿಂತನಾ? ಮೇಲೆ ಹುಡುಕೋ ಜಾಗ ಖಾಲಿ ಇತ್ತು, ಅಲ್ಲಿ 'ಪಾಪಣ್ಣ' ಅಂತ ತುಂಬಿದ. ಹೊಸಬರು ಹೆಸರು ನೋಂದಾಯಿಸೋ ಜಾಗ ಖಾಲಿ ಇತ್ತು, ಅಲ್ಲೂ ತುಂಬಿದ. ದೂರು ಬರೆಯೋ ಜಾಗ ಖಾಲಿ ಇತ್ತು, ಅಲ್ಲಿ 'ಏನೂ ಇಲ್ಲ, ಚೆನ್ನಾಗಿದ್ದೀವಿ' ಅಂತ ಬರೆದ. ಪಕ್ಕದ ಕುರ್ಚಿಯವನು ಟೀ ಕುಡಿಯಕ್ಕೆ ಎದ್ದು ಹೋಗಿದ್ದ, ಅವನ ಪರೀಕ್ಷೆ ಅರ್ಜೀಲಿ ತಾಯಿ ಹೆಸರು ಖಾಲಿ ಇತ್ತು. ಪಾಪಣ್ಣ ಬಿಟ್ಟಾನಾ? 'ಚಿಕ್ಕತಾಯಮ್ಮ' ಅಂತ ತುಂಬಿದ! ಅವನು ಬಂದು ನೋಡಿ ಕತ್ತಿನ ಪಟ್ಟಿ ಹಿಡಿದು ಆಚೆಗೆ ದಬ್ಬಿದ.

"ಅವ್ವಾ, ಎಲ್ಲಾ ತುಂಬ್ದೆ. ಅವನ್ನೂ ನಿನ್ನ ಮಗನ್ನ ಮಾಡಿ ಬಂದೆ!"

"ನಿನ್ನ ತಲೆಗಿಷ್ಟು ಮಣ್ಣು ಹಾಕ! ಒಬ್ಬನ ಜೊತೆಗೇ ನಂಗೆ ಏಗಾಕ್ಕಾಗ್ತಿಲ್ಲ! ಕೇಳು ಇಲ್ಲಿ. ನಡುವೆ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕಂಡದ್ದು ಮಾಡಕ್ಕೆ ಹೋಗಬ್ಯಾಡ. ವಾಪಸ್ ಬಂದು ಮೊದಲಿಂದ ಶುರು ಮಾಡು. ತಿಳೀತಾ?"

"ತಿಳೀತು ಕಣವ್ವ!"

ಬುಧವಾರ ಆಟೋ ಹತ್ತಿದ. ರೈಲ್ವೆ ಗೇಟು ಹಾಕಿತ್ತು. ಮುಂದೆ ಲಾರಿ, ಹಿಂದೆ ಟ್ರ್ಯಾಕ್ಟರು. "ಓಹೋ, ಸಿಕ್ಕಾಕ್ಕೊಂಡ್ವಲ್ಲ" ಅಂದ ಪಾಪಣ್ಣ. ಇಳಿದ. ನಡೆದು ಮನೆಗೆ ಬಂದ. ಚೆಪ್ಪಲಿ ಬಿಟ್ಟ. ಮುಖ ತೊಳೆದ. ಅಂಗಿ ಬಿಚ್ಚಿ ಮತ್ತೆ ಹಾಕ್ಕೊಂಡ. "ಹೋಗ್ಬತ್ತೀನಿ ಕಣವ್ವ" ಅಂದ. ಈಗಷ್ಟೇ ಹೋದೋನು ಮತ್ತೆ ಯಾಕೆ ಹೇಳ್ತಾನೆ ಅಂತ ಚಿಕ್ಕತಾಯಮ್ಮನಿಗೆ ಹೊಳೀಲಿಲ್ಲ. ಮತ್ತೆ ಆಟೋ ಹತ್ತಿದ, ಮತ್ತೆ ಗೇಟು, ಮತ್ತೆ ವಾಪಸ್, ಮತ್ತೆ "ಹೋಗ್ಬತ್ತೀನಿ ಕಣವ್ವ". ಹಿಂಗೆ ನಾಲ್ಕು ಸಲ! ಸಂಜೆ ಹೊತ್ತಿಗೆ ಮುಖ ತೊಳೆದೂ ತೊಳೆದೂ ಚರ್ಮ ಬೆಳ್ಳಗಾಗಿತ್ತೇ ಹೊರತು ಪೇಟೆ ಮುಖ ನೋಡಿರಲಿಲ್ಲ.

ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡ್ಲು. "ಲೋ ಬೆಪ್ಪೇ, ಇನ್ನೆರಡೇ ದಿನ ಉಳಿದಿರೋದು! ನಿಂತ ಕಡೆ ಕಾಯಬಾರದೇನ್ಲಾ? ಆ ಕಂಪ್ಯೂಟರಲ್ಲೂ ಬಟನ್ ಒತ್ತಿದ ಮೇಲೆ ಚಕ್ರ ತಿರುಗ್ತದಂತೆ. ನಮ್ಮ ಮೆಷಿನ್ ತಿರುಗ್ತಾ ಇದ್ದಾಗ ಕೈ ಹಾಕ್ತೀವಾ? ಹಂಗೇ! ತಿರುಗೋದು ನಿಲ್ಲೋ ತನಕ ಕೈ ಕಟ್ಕೊಂಡು ಕೂತಿರು. ಏನನ್ನೂ ಮುಟ್ಬ್ಯಾಡ. ತಿಳೀತಾ?"

"ತಿಳೀತು ಕಣವ್ವ!"

ಮೆಷಿನ್ನಿನ ಮಾತು ಪಾಪಣ್ಣನಿಗೆ ಹುಟ್ಟಿದಾಗಿಂದ ಗೊತ್ತು. ಅದರ ಭಯವೂ ಗೊತ್ತು. ಗುರುವಾರ ನೆಟ್ಟಗೆ ಹೋದ, ನೆಟ್ಟಗೆ ತುಂಬಿದ, ಬಟನ್ ಒತ್ತಿದ. ಚಕ್ರ ತಿರುಗ್ತು, ನಿಲ್ತು, ಅದೇ ಪುಟ ಖಾಲಿಯಾಗಿ ಮತ್ತೆ ಬಂತು. ಪಾಪಣ್ಣ ಕೈ ಎತ್ತಲಿಲ್ಲ. ಯಾಕೆ? ತಲೆ ಮೇಲೆ ಫ್ಯಾನ್ ತಿರುಗ್ತಿತ್ತು! ಮಧ್ಯಾಹ್ನವಾಯ್ತು, ಹೊಟ್ಟೆ ಚುರುಗುಟ್ಟಿತು, ಅಲುಗಲಿಲ್ಲ. ಸಂಜೆ ಶಾಹಿದಾ ಸೆಂಟರ್ ಮುಚ್ಚೋಕೆ ಅಂತ ಫ್ಯಾನ್ ಆರಿಸಿದ್ಲು. "ಅಬ್ಬಾ, ನಿಲ್ತು! ಈಗ ಮುಟ್ಟಬಹುದು!" ಅಂತ ಪಾಪಣ್ಣ ಕೈ ಚಾಚಿದ. ಶಾಹಿದಾ ಕಂಪ್ಯೂಟರನ್ನೂ ಆರಿಸಿದ್ಲು.

ಅವತ್ತು ಚಿಕ್ಕತಾಯಮ್ಮ ಬೈಯಲಿಲ್ಲ. ಬೈಯೋಕೆ ಶಕ್ತಿ ಇರಲಿಲ್ಲ. ಮುದ್ದೆ ತಟ್ಟೆ ಮುಂದೆ ಕೂತು ಸೊಪ್ಪಿನ ಸಾರು ಎಲ್ಲಿದೆ ಅಂತ ಕೈಯಲ್ಲಿ ತಡವರಿಸಿದ್ಲು. ಇನ್ನು ಮೇಲೆ ಹಿಂಗೇನಾ, ಸಾಯೋ ತನಕ ಹಿಂಗೇನಾ ಅಂತ ಹೆದರಿಕೆಯಾಯ್ತು.

"ನಾಳೆ ನಾನೂ ಬತ್ತೀನಿ ಕಣ್ಲಾ" ಅಂದ್ಲು. "ನನ್ನ ಮಾತು ಕೇಳಿದ್ದು ಸಾಕು. ಅಲ್ಲಿ ಏನು ಬರೆದದೆಯೋ ಅದನ್ನ ತಲೆಯಿಂದ ಕಾಲಿನ ತನಕ ಓದು. ಒಂದಕ್ಷರವೂ ಬಿಡಬ್ಯಾಡ. ಅದು ಹೇಳಿದಂಗೆ ಮಾಡು."

"ತಿಳೀತು ಕಣವ್ವ!"

ಶುಕ್ರವಾರ ಸೆಂಟರ್ ತುಂಬ ಜನ. ಎಲ್ಲಾ ಅದೇ ಕಣ್ಣಿನ ಫಾರಂಗೆ ಬಂದೋರು. ಚಿಕ್ಕತಾಯಮ್ಮ ಮೂಲೆ ಬೆಂಚಲ್ಲಿ ಕೂತು ಕಿವಿಗೊಟ್ಟು ಕೇಳಿದ್ಲು. ಅಲ್ಲೂ ಗಲಾಟೆ, ಇಲ್ಲೂ ಗಲಾಟೆ. "ಒತ್ತಿದ್ರೆ ತಿರುಗ್ತದೆ, ತಿರುಗಿ ಮತ್ತೆ ಖಾಲಿಯಾಗ್ತದೆ!" "ನಂದೂ ಅದೇ ಕಥೆ!" "ಪಾಸ್‌ವರ್ಡೇ ತಪ್ಪಿರಬೇಕು!" ರಿಟೈರಾದ ಮರಿಸ್ವಾಮಿ ಮೇಷ್ಟ್ರು ಹದಿನಾರು ಸಲ ಒತ್ತಿ ಹದಿನೇಳನೇ ಸಲಕ್ಕೆ ಮೇಜು ಗುದ್ದಿದ್ರು. ಶಾಹಿದಾ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಓಡಾಡಿ ಓಡಾಡಿ ಬೆವೆತಿದ್ಲು. ಆಸ್ಪತ್ರೆಗೆ ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ. ಗಂಟೆ ನಾಲ್ಕಾಯ್ತು.

ಓಹೋ, ಮಗ ಒಬ್ಬನೇ ಪೆದ್ದನಲ್ಲ, ಈ ಫಾರಮ್ಮಲ್ಲೂ ಏನೋ ಕೊಕ್ಕೆ ಇದೆ ಅಂತ ಚಿಕ್ಕತಾಯಮ್ಮನಿಗೆ ಗೊತ್ತಾಗಿದ್ದು ಆಗಲೇ. ವಾರವೆಲ್ಲ ಬೈದೆನಲ್ಲಾ ಅಂತ ನೊಂದ್ಕೊಂಡ್ಲು.

ಆ ಗಲಾಟೆಯೊಳಗೆ ಒಂದು ದನಿ ಮಾತ್ರ ನಿಧಾನಕ್ಕೆ ಕೇಳ್ತಿತ್ತು. ಪಾಪಣ್ಣ ಓದ್ತಿದ್ದ. ಪರದೆ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ. ಫಾರಂ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಷರತ್ತು ಹಾಕಿದ್ರು. "ನಿ...ಯ...ಮ ಒಂದು. ಸಕ್ಕರೆ ಕಾಯಿಲೆ ಇರುವವರು..."

"ಅದನ್ನೆಲ್ಲ ಯಾರಯ್ಯ ಓದ್ತಾರೆ!" ಅಂತ ಮೇಷ್ಟ್ರು ರೇಗಿದ್ರು. "ಹೊತ್ತಾಗ್ತಿದೆ, ಏಳು, ಬೇರೆಯವರಿಗೆ ಬಿಡು!"

ಚಿಕ್ಕತಾಯಮ್ಮ ಎದ್ದು ನಿಂತ್ಲು. "ಸುಮ್ನಿರಿ ಮೇಷ್ಟ್ರೇ! ಓದು ಅಂದೋಳು ನಾನು. ಓದ್ಲಿ!"

ನಿಯಮ ಎಂಟಾಯ್ತು. ಹದಿನೈದಾಯ್ತು. ನಾಲ್ಕೂವರೆಯಾಯ್ತು. ಇಪ್ಪತ್ತೊಂದನೇದರಲ್ಲಿ ಒಂದು ಒತ್ತಕ್ಷರ ಬಾಯಿಗೆ ಸಿಗದೆ ಮತ್ತೆ ಹಿಂದಿನ ಸಾಲಿಗೆ ಹೋದ. ಚಿಕ್ಕತಾಯಮ್ಮ ಸೆರಗು ಹಿಂಡ್ತಾ ದೇವರನ್ನ ನೆನೆದ್ಲು. ಐದಕ್ಕೆ ಹದಿನೈದು ನಿಮಿಷ ಇತ್ತು. ಪಾಪಣ್ಣ ಕಟ್ಟಕಡೇ ಸಾಲಿಗೆ ಬಂದ.

"ಮೇಲಿನದನ್ನು ಪೂರ್ತಿ ಓದಿದವರು ಮಾತ್ರ ಈ ಚೌಕದಲ್ಲಿ ಗುರುತು ಹಾಕಿ. ಹಾಕದಿದ್ದರೆ ಅರ್ಜಿ ಸ್ವೀಕಾರವಾಗುವುದಿಲ್ಲ." ಓದಿ ತಿರುಗಿ ನೋಡಿದ. "ಅವ್ವಾ, ನಾನು ಪೂರ್ತಿ ಓದಿದ್ದೀನಿ. ಹಾಕ್ಲಾ?"

ಎಲ್ಲಾರೂ ಅವನ ಪರದೆ ಕಡೆ ಬಗ್ಗಿದ್ರು.

"ಹಾಕೋ ನನ್ನಪ್ಪಾ!" ಅಂದ್ಲು ಚಿಕ್ಕತಾಯಮ್ಮ.

ಹಾಕಿದ. ಒತ್ತಿದ. ಚಕ್ರ ತಿರುಗ್ತು. ನಿಲ್ತು. ಪುಟ ತೆರೀತು! 'ಚಿಕ್ಕತಾಯಮ್ಮ, ಹನ್ನೆರಡನೇ ತಾರೀಕು, ಬೆಳಿಗ್ಗೆ ಎಂಟು.' ಶಾಹಿದಾ ಕಿರುಚಿದ್ಲು, "ಎಲ್ಲಾರೂ ಕೆಳಗೆ ಹೋಗಿ! ಕೊನೇಲಿ ಚೌಕ ಇದೆ!" ಎಲ್ಲರ ಬೆರಳೂ ಪಟಪಟ ಅಂತು. ಐದರೊಳಗೆ ಅಲ್ಲಿದ್ದೋರೆಲ್ಲರ ಫಾರಮ್ಮೂ ಹೋಯ್ತು. ಒಬ್ಬಳು ಮುದುಕಿ ಪಾಪಣ್ಣನ ಗಲ್ಲ ಹಿಡಿದು ಲಟಿಕೆ ಮುರಿದ್ಲು. ಮೇಷ್ಟ್ರು ಎರಡೂ ಕೈ ಮುಗಿದು, "ನಿನ್ನ ಉಪಕಾರ ಮರೆಯಲ್ಲ ಕಣಪ್ಪ, ಮೂವತ್ತು ವರ್ಷ ಮಕ್ಕಳಿಗೆ ಪೂರ್ತಿ ಓದಿ ಅಂತ ಹೇಳಿ, ನಾನೇ ಓದಲಿಲ್ಲ" ಅಂದ್ರು. ಪಾಪಣ್ಣ ನಾಚಿಕೊಂಡು, "ಅವ್ವ ಹೇಳಿದ್ಲು, ಓದ್ದೆ" ಅಂದ. ಚಿಕ್ಕತಾಯಮ್ಮ ಸೆರಗಿನಿಂದ ಅವನ ಹಣೆ ಬೆವರು ಒರೆಸಿದ್ಲು.

ಹನ್ನೆರಡನೇ ತಾರೀಕು ಬಲಗಣ್ಣಿಗೆ ಆಪರೇಷನ್ ಆಯ್ತು. ಮಾರನೇ ದಿನ ನರ್ಸಮ್ಮ ಪಟ್ಟಿ ಬಿಚ್ಚಿದ್ಲು. ಮೊದಲು ಕಿಟಕಿ ಪರದೆ ಕಾಣಿಸ್ತು. ಹಸಿರು! ಅಪ್ಪಟ ಹಸಿರು! ಆಮೇಲೆ ನರ್ಸಮ್ಮನ ಕುಂಕುಮ, ಕೆಂಪು. ಆಮೇಲೆ "ಎಲ್ಲವ್ನೆ ನನ್ನ ಮಗ?" ಅಂತ ತಿರುಗಿದ್ಲು.

ಪಾಪಣ್ಣ ಮಂಚದ ಪಕ್ಕದಲ್ಲೇ ಹಲ್ಲು ಬಿಟ್ಕೊಂಡು ನಿಂತಿದ್ದ. ಕೆನ್ನೆ ಇಳಿದಿತ್ತು. ಕಿವಿ ಮೇಲೆ ನಾಲ್ಕು ಬಿಳೀ ಕೂದಲು. ಎರಡು ವರ್ಷ ಇವನನ್ನ ನೋಡ್ದೆ ಹೆಂಗಿದ್ದೆ ಅಂತ ಚಿಕ್ಕತಾಯಮ್ಮನಿಗೆ ದುಃಖ ಉಕ್ಕಿ ಬಂತು.

"ಅಯ್ಯೋ ಅಜ್ಜೀ! ಅಳ್ಬೇಡಿ!" ಅಂತ ನರ್ಸಮ್ಮ ಗದರಿದ್ಲು. "ಎಂಟು ದಿನ ಕಣ್ಣಲ್ಲಿ ನೀರು ಬರಬಾರ್ದು. ಏನಪ್ಪಾ, ನೀನೇ ನೋಡ್ಕೋಬೇಕು. ಏನು ನೋಡಿದ್ರೆ ಅವರಿಗೆ ಅಳು ಬರುತ್ತೋ, ಅದನ್ನ ಅವರ ಕಣ್ಣಿಗೆ ಬೀಳಿಸ್ಬೇಡ. ತಿಳೀತಾ?"

"ತಿಳೀತು ಕಣವ್ವ!" ಅಂದ ಪಾಪಣ್ಣ. ಹೆಗಲ ಮೇಲಿನ ಟವಲ್ ತಗೊಂಡು ಮುಖದ ಮೇಲೆ ಎಳೆದು ಕತ್ತಿಗೆ ಗಂಟು ಹಾಕ್ಕೊಂಡ!

"ತೆಗೆಯೋ ಅದನ್ನ!" ಅಂದ್ರೂ ತೆಗೀಲಿಲ್ಲ. ಬಾಗಿಲಿಗೆ ಡಬ್ಬಂತ ಹೊಡ್ಕೊಂಡ, ಕಂಬಕ್ಕೆ ಹೊಡ್ಕೊಂಡ. ಕಪ್ಪು ಕನ್ನಡಕದ ಚಿಕ್ಕತಾಯಮ್ಮನೇ ಅವನ ಕೈ ಹಿಡಿದು ಬಸ್ ಹತ್ತಿಸಿದ್ಲು. ಕಂಡಕ್ಟರು ಮರುಗಿ, "ಪಾಪ, ಮಗನಿಗೆ ಏನಾಗಿದೆಯಮ್ಮ?" ಅಂದ.

"ಆಪರೇಷನ್ ಆಗಿರೋದು ನಂಗೆ ಕಣಪ್ಪ!" ಅಂತ ಚಿಕ್ಕತಾಯಮ್ಮ ಬಿದ್ದು ಬಿದ್ದು ನಕ್ಕಳು.

ಟವಲ್ ಒಳಗಿಂದ ಪಾಪಣ್ಣ ಕೇಳಿದ, "ಅವ್ವಾ, ನಕ್ರೂ ಕಣ್ಣಲ್ಲಿ ನೀರು ಬತ್ತದಾ?"

"ಬರಾಕಿಲ್ವಾ ಮತ್ತೆ!"

"ಹಂಗಾದ್ರೆ ನಾನು ಇಲ್ಲಿರಬಾರ್ದು." ಸ್ಟಾಪ್ ಬಂದಿದ್ದೇ ತಡ, ಇಳಿದೇಬಿಟ್ಟ! ಬಸ್ ಮರೆಯಾದ ಮೇಲೆ ಟವಲ್ ಬಿಚ್ಚಿ, ಏಳು ಮೈಲಿ ನಡೆದು, ಹೊತ್ತು ಮುಳುಗೋ ಹೊತ್ತಿಗೆ ಊರು ಸೇರಿದ. ಮನೆ ಮುಂದೆ ಟವಲ್ಲನ್ನ ಮತ್ತೆ ಮುಖಕ್ಕೆ ಕಟ್ಕೊಂಡು ನಿಂತು, ಒಳಕ್ಕೆ ಬರದೆ, ಅಲ್ಲಿಂದಲೇ ಕೂಗಿದ.

"ಅವ್ವಾ! ಟವಲ್ ಒಳಗೆ ಉಸಿರು ಕಟ್ತದೆ. ತೆಗೆದು ಬತ್ತೀನಿ. ಕಣ್ಣು ಮುಚ್ಕೊಂಡಿದ್ದೀಯಾ?"

"ಮುಚ್ಕೊಂಡಿದ್ದೀನಿ, ಬಾರೋ ನನ್ನ ಕಂದಾ" ಅಂದ್ಲು ಚಿಕ್ಕತಾಯಮ್ಮ.

ಸುಳ್ಳು. ಕನ್ನಡಕ ತೆಗೆದಿಟ್ಟು, ಆ ಕಣ್ಣನ್ನ ಅಷ್ಟಗಲ ಬಿಟ್ಕೊಂಡು ಬಾಗಿಲನ್ನೇ ನೋಡ್ತಾ ಕೂತಿದ್ಲು.