ಮೂರನೇ ದೂರು ಕೊಟ್ಟವನು

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಪುಟ್ಟತಾಯಮ್ಮ ಅಂತ ಒಬ್ಬಾಕೆ. ಮನೆಯ ಮುಂದಿನ ಜಗಲಿಯಲ್ಲೇ ಅವಳ ತಟ್ಟೆ ಇಡ್ಲಿ ಅಂಗಡಿ. ಆ ಇಡ್ಲಿ ಎಷ್ಟು ಅಗಲ ಅಂದರೆ, ಮಟಮಟ ಮಧ್ಯಾಹ್ನ ತಲೆ ಮೇಲೆ ಹಿಡಿದರೆ ಇಬ್ಬರಿಗೆ ನೆರಳು. ಈ ಕತೆಯಲ್ಲಿ ಒಂದು ಸುಳ್ಳು ಸಿಕ್ಕರೆ ಹೇಳಿ, ತಿದ್ದಿಕೊಳ್ಳೋಣ. ಎರಡು ಸಿಕ್ಕರೆ ಸುಮ್ಮನೆ ಕೂತು ಕೇಳಿ.

ಅವಳಿಗೆ ಒಬ್ಬನೇ ಮಗ, ಬೋರೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ. ಆರು ಕಡೆ ಕೆಲಸಕ್ಕೆ ಸೇರಿ, ಆರು ಕಡೆಯಿಂದಲೂ ವಾಪಸ್ ಬಂದಿದ್ದ. ಏಳನೆಯದು ಮನೆಮನೆಗೆ ಊಟ ತಿಂಡಿ ಮುಟ್ಟಿಸುವ ಆ್ಯಪ್‌ನ ಕೆಲಸ. ಅವರದು ಒಂದೇ ಕಟ್ಟಳೆ: ಮೊದಲ ತಿಂಗಳಲ್ಲಿ ಮೂರು ದೂರು ಬಂದರೆ ಕೆಲಸ ಬಂದ್.

"ಇದೂ ಹೋದರೆ ಈ ಊರಲ್ಲಿ ನಿನ್ನ ಸೇರಿಸಿಕೊಳ್ಳೋರು ಯಾರೂ ಉಳಿದಿಲ್ಲ ಮಗ," ಅಂದಳು ಪುಟ್ಟತಾಯಮ್ಮ. "ನನ್ನ ಮಂಡಿ ಇನ್ನೆಷ್ಟು ದಿನ ನಿಂತು ಇಡ್ಲಿ ಬೇಯಿಸೀತು? ಗಿರಾಕಿ ಏನು ಬರೆದಿರ್ತಾರೋ ಹಾಗೆ ನಡ್ಕೋ."

"ಆಗಲಮ್ಮ," ಅಂದ ಬೋರೇಶ.

ಮೊದಲ ವಾರ ಒಂದು ಮನೆಯವರು ಬರೆದಿದ್ದರು: ಬೆಲ್ ಒತ್ತಬೇಡಿ, ಮಗು ಮಲಗಿದೆ. ಬೋರೇಶ ಒತ್ತಲಿಲ್ಲ. ಬಾಗಿಲೂ ತಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತ. ಒಳಗೆ ಮಗು ಎದ್ದಿತು, ಅತ್ತಿತು, ಹಾಲು ಕುಡಿಯಿತು, ಮತ್ತೆ ಮಲಗಿತು. ಬೋರೇಶ ಕೂತೇ ಇದ್ದ. ಚೀಲದೊಳಗಿನ ಮಸಾಲೆ ದೋಸೆ ಒದ್ದೆ ಟವೆಲ್ ಆಯಿತು. ಒಂದು ದೂರು.

"ಲೋ ದಡ್ಡ, ಬೆಲ್ ಬೇಡ ಅಂದರೆ ಫೋನ್ ಮಾಡಬೇಕು ಕಣೋ. ಯಾರ ಮನೆಗೇ ಹೋಗು, ಮೊದಲು ಫೋನ್ ಮಾಡು. ಎತ್ತಿದರೆ ಕೊಡು, ಎತ್ತದಿದ್ದರೆ ವಾಪಸ್ ಬಾ."

"ಆಗಲಮ್ಮ."

ಮರುವಾರ ಒಬ್ಬರು ಹಸಿವು ತಾಳದೆ ಗೇಟಿಗೇ ಬಂದು ನಿಂತಿದ್ದರು. "ಬಂದೆಯೇನಪ್ಪಾ, ಕೊಡು ಕೊಡು," ಅಂತ ಕೈ ಚಾಚಿದರು.

"ಇರಿ ಸಾರ್, ಫೋನ್ ಮಾಡಬೇಕು."

"ಯಾರಿಗೆ?"

"ನಿಮಗೆ."

ಅವರ ಫೋನು ಮನೆಯೊಳಗೆ ಚಾರ್ಜಿಗಿತ್ತು. ಅಲ್ಲೇ ಬಡಕೊಂಡು ಬಡಕೊಂಡು ನಿಂತಿತು. "ಎತ್ತುತ್ತಾ ಇಲ್ಲ ಸಾರ್. ನೀವು ಮನೇಲಿ ಇದ್ದ ಹಾಗಿಲ್ಲ," ಅಂತ ಬೋರೇಶ ಗಾಡಿ ತಿರುಗಿಸಿದ. ಆ ಮನುಷ್ಯರು ಪಂಚೆ ಎತ್ತಿಕೊಂಡು ಸರ್ಕಲ್ ತನಕ ಓಡಿಬಂದರಂತೆ. ಎರಡನೇ ದೂರು.

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. "ಎದುರಿಗೆ ನಿಂತವರಿಗೆ ಫೋನ್ ಮಾಡ್ತಾರೇನೋ? ಬಾಗಿಲಲ್ಲಿ ಯಾರು ನಿಂತಿರ್ತಾರೋ ಅವರ ಕೈಗೆ ಕೊಟ್ಟು, ಒಂದು ನಮಸ್ಕಾರ ಹಾಕಿ ಬಾ. ಇನ್ನೊಂದು ದೂರು ಬಂದರೆ ಮುಗೀತು."

"ಆಗಲಮ್ಮ."

ಮೂರನೇ ವಾರ ಮೇಷ್ಟ್ರೊಬ್ಬರು ಅರ್ಧ ಕೇಜಿ ಜಹಾಂಗೀರು ತರಿಸಿದರು. ಅವರಿಗೆ ಸಕ್ಕರೆ ಕಾಯಿಲೆ. ಹೆಂಡತಿಗೆ ಗೊತ್ತಾಗದ ಹಾಗೆ ತರಿಸಿದ್ದು. ಬೋರೇಶ ಹೋದಾಗ ಬಾಗಿಲಲ್ಲಿ ನಿಂತಿದ್ದವನು ಗ್ಯಾಸ್ ಸಿಲಿಂಡರಿನವನು. ಮೂರು ಮಹಡಿ ಹೊತ್ತು ಏದುಸಿರು ಬಿಡುತ್ತಿದ್ದ. ಬೋರೇಶ ಪೊಟ್ಟಣವನ್ನು ಅವನ ಕೈಗಿಟ್ಟು, ನಮಸ್ಕಾರ ಹಾಕಿ ಬಂದ. ಹತ್ತು ವರ್ಷ ಸಿಲಿಂಡರ್ ಹೊತ್ತರೂ ಇಂಥ ಮರ್ಯಾದೆ ಕಾಣದವನು, ಮೆಟ್ಟಿಲ ಮೇಲೆ ಕೂತು ಅರ್ಧ ಕೇಜಿಯನ್ನೂ ಮುಗಿಸಿ ಕೈ ನೆಕ್ಕಿಕೊಂಡ. ಮೇಷ್ಟ್ರು ದೂರು ಕೊಡಲು ಫೋನ್ ಎತ್ತಿದರು. ಅಷ್ಟರಲ್ಲಿ ಹೆಂಡತಿ ಅದನ್ನು ಕಿತ್ತುಕೊಂಡು, ಐದು ನಕ್ಷತ್ರವನ್ನೂ ಒತ್ತಿ, "ಈ ಹುಡುಗ ದೇವರಂಥವನು" ಅಂತ ಬರೆದುಬಿಟ್ಟರು.

"ಆ ತಾಯಿ ಹೊಟ್ಟೆ ತಣ್ಣಗಿರಲಿ," ಅಂದಳು ಪುಟ್ಟತಾಯಮ್ಮ. "ಆದರೆ ಕೇಳು ಮಗ. ತರಿಸಿದವರ ಫೋನಿಗೆ ನಾಲ್ಕಂಕಿ ನಂಬರ್ ಬಂದಿರುತ್ತಲ್ಲ, ಅದನ್ನ ಹೇಳಿದರೆ ಮಾತ್ರ ಕೊಡು. ಆರ್ಡರ್ ಇಲ್ಲದೆ, ನಂಬರ್ ಇಲ್ಲದೆ ಯಾರ ಬಾಯಿಗೂ ತಿಂಡಿ ಹೋಗಕೂಡದು. ನಾನೇ ಆಗಲಿ, ನೀನೇ ಆಗಲಿ. ಆಮೇಲೆ ಆ್ಯಪ್‌ನೋರು ಏನು ಕೇಳಿದರೂ ನಿಜ ಹೇಳು."

"ಆಗಲಮ್ಮ."

ತಿಂಗಳ ಕೊನೆಯ ದಿನ ಬಂತು. ಸಂಜೆಯವರೆಗೆ ಒಂದು ತಪ್ಪಿಲ್ಲ. ಪುಟ್ಟತಾಯಮ್ಮ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾ ಜಗಲಿಯಲ್ಲಿ ಇಡ್ಲಿ ಇಳಿಸುತ್ತಿದ್ದಳು. ಅವಳ ಅಂಗಡಿಯೂ ಅದೇ ಆ್ಯಪ್‌ನಲ್ಲಿತ್ತು. ಆಗ ಆರ್ಡರ್ ಬಂದು ಅಂಗಡಿಯ ಫೋನು ಕುಂಯ್ ಅಂತು. ಅವಳಿಗೆ ಅಂಕಿ ಬಿಟ್ಟರೆ ಓದು ಬಾರದು. ಹಸಿರು ಗುಂಡಿ ಒತ್ತಿದಳು, ಎರಡು ಇಡ್ಲಿ ಕಟ್ಟಿದಳು. ಕರೆಯುವ ಮೊದಲೇ ಬೋರೇಶ ನಡುಮನೆಯಿಂದ ಚೀಲ ಏರಿಸಿಕೊಂಡು ಬಂದ.

"ಇದೊಂದು ಸುಸೂತ್ರ ಮುಟ್ಟಿಸಿಬಿಡಪ್ಪ. ನಾಳೆಯಿಂದ ನಿಶ್ಚಿಂತೆ."

"ಆಗಲಮ್ಮ." ಗಾಡಿ ಹೋಯಿತು.

ಮುಕ್ಕಾಲು ಗಂಟೆ ಕಳೆಯಿತು. ಮನೆಯ ಹಿಂದೆ ಗಲ್ಲಿ ಕಡೆಯ ಬಾಗಿಲಲ್ಲಿ ಯಾರೋ ಮಾತಾಡಿದಂತಾಯಿತು. ಪುಟ್ಟತಾಯಮ್ಮ ಕಿವಿಗೊಟ್ಟಳು.

"ಫೋನ್ ಮಾಡಿದೆ ಸಾರ್, ನೀವು ಬೇರೆ ಕರೆಯಲ್ಲಿ ಕಾರ್ಯನಿರತರಾಗಿದ್ದೀರಂತೆ. ನಂಬರ್ ಹೇಳಿ."

"ನಾಲ್ಕು, ಏಳು, ಎರಡು, ಒಂದು."

"ಸರಿ ಸಾರ್, ತಗೊಳ್ಳಿ. ನಮಸ್ಕಾರ."

ಎರಡೂ ಒಂದೇ ದನಿ. ಅವಳು ಕುಂಟುತ್ತಾ ಒಳಗೆ ಬಂದು ನೋಡಿದರೆ, ನಡುಮನೆಯಲ್ಲಿ ಬೋರೇಶ ಚಕ್ಕಳಮಕ್ಕಳ ಹಾಕಿ ಇಡ್ಲಿ ತಿನ್ನುತ್ತಿದ್ದ.

"ಇದೇನೋ ಇದು?"

"ಹಸಿವಾಗಿತ್ತಮ್ಮ. ಆರ್ಡರ್ ಇಲ್ಲದೆ ನಾನೂ ತಿನ್ನಕೂಡದು ಅಂದೆಯಲ್ಲ. ಮಾಡಿದೆ. ಹತ್ತಿರ ಇದ್ದೋನು ನಾನೇ ಅಂತ ಮುಟ್ಟಿಸೋ ಕೆಲಸವೂ ನನಗೇ ಬಂತು. ಅಂಗಡಿ ಮುಂದಿನ ಬೀದೀಲಿ, ಮನೆ ಹಿಂದಿನ ಗಲ್ಲೀಲಿ ಅಂತ ತೋರಿಸಿ ಮ್ಯಾಪ್ ಊರೆಲ್ಲ ಸುತ್ತಿಸಿತು. ರೈಲ್ವೆ ಗೇಟ್ ಬೇರೆ ಹಾಕಿದ್ದರು."

"ಎಷ್ಟಾಯ್ತೋ?"

"ತೊಂಬತ್ತಾರು. ಇಡ್ಲಿಗೆ ಅರವತ್ತೇ. ಮಿಕ್ಕಿದ್ದು ಡಬ್ಬಿಗೆ, ಗಾಡಿಗೆ, ಆ್ಯಪಿಗೆ, ಮೋಡ ಹಾಕಿದ್ದಕ್ಕೆ. ಆದರೂ ಸೌಕರ್ಯ ಕಣಮ್ಮ. ಎಂಟು ಹೆಜ್ಜೆ ನಡೆಯೋದು ತಪ್ಪಿತು."

ಪುಟ್ಟತಾಯಮ್ಮ ಗೋಡೆಗೊರಗಿ ಕೂತಳು. ದುಡ್ಡು ಹೋದರೆ ಹೋಗಲಿ, ಕೆಲಸ ಉಳಿಯಿತಲ್ಲ ಅಂದುಕೊಂಡಳು. ಅಷ್ಟರಲ್ಲಿ ಬೋರೇಶನ ಫೋನು ಒಮ್ಮೆ ಕೂಗಿತು.

"ಏನಂತೆ?"

"ಮೂರನೇ ದೂರು ಬಂತಂತೆ. ಕೆಲಸ ಬಂದ್."

"ಯಾವನೋ ಅವನು ದೂರು ಕೊಟ್ಟೋನು? ಅವನ ನಾಲಿಗೆಗೆ ಹುಳ ಬೀಳ!"

"ಬೈಬೇಡಮ್ಮ. ತಿಂಡಿ ಹೇಗಿತ್ತು ಅಂತ ಆ್ಯಪ್‌ನೋರು ಕೇಳಿದರು. ಇಡ್ಲಿ ತಣ್ಣಗಾಗಿತ್ತು, ತಂದೋನು ಸುಮ್ಮನೆ ಊರು ಸುತ್ತಿ ಬಂದ ಅಂತ ನಿಜ ಹೇಳಿದೆ."

ಅವಳದು ಹಡೆದ ಕರುಳು, ಎದ್ದು ಹೋಗಿ ಹಬೆಯಾಡುವ ಇಡ್ಲಿ ಒಂದನ್ನು ತಟ್ಟೆಗೆ ಹಾಕಿ, ಬೆಣ್ಣೆ ಇಟ್ಟು, ಅವನ ಮುಂದೆ ಹಿಡಿದಳು.

"ಇದನ್ನಾದರೂ ಬಿಸಿಯಾಗಿ ತಿನ್ನು."

ಬೋರೇಶ ಬೆಣ್ಣೆ ಕರಗುವುದನ್ನು ಆಸೆಯಿಂದ ನೋಡಿದ. ಕೈ ಮಾತ್ರ ಚಾಚಲಿಲ್ಲ.

"ಬೇಡಮ್ಮ. ಆರ್ಡರ್ ಮಾಡೋಣ ಅಂದರೂ, ತಂದುಕೊಡ್ತಿದ್ದೋನ ಕೆಲಸ ಈಗ ತಾನೇ ಹೋಯಿತಲ್ಲ."